ಯಾವ ಕ್ಯಾಮೆರಾ ಇಟ್ಟುಕೊಳ್ಳಬೇಕು, ಯಾವುದು ಕೊಡಬೇಕು

ಹಾಡುವ ಬಾಯಿ ಒಂದೇ ಇದ್ದರೂ ವಾದ್ಯ ಒಂದೇ ಸಾಕಾಗೋದಿಲ್ಲ. ತತ್ವಪದಕ್ಕೆ ಏಕತಾರಿ, ದಮ್ಮಡಿ, ಒಂದು ಜೋಡಿ ತಾಳ ಇದ್ದರೆ ಆತು. ಯಲ್ಲಮ್ಮನ ಪದಕ್ಕೆ ಚೌಡಿಕಿ ಬೇಕು. ಹರದೇಶಿ ನಾಗೇಶಿಗೆ ದಪ್ಪು, ತುಂತುಣಿ ಬೇಕು. ಬೀರದೇವರ ಗುಡಿ ಮುಂದೆ ಡೊಳ್ಳು ಇಲ್ಲದೆ ಪದ ಏಳೋದೇ ಇಲ್ಲ. ಡೊಳ್ಳು ಎಲ್ಲಕ್ಕಿಂತ ದೊಡ್ಡದು, ಬೆಲೆಯೂ ಹೆಚ್ಚು ಅಂತ ಹೇಳಿ ತತ್ವಪದಕ್ಕೆ ಡೊಳ್ಳು ಬಾರಿಸಿದರೆ ಪದದ ಅರ್ಥ ಅದರ ಅಡಿಯಲ್ಲೇ ಸಿಕ್ಕು ಸಾಯ್ತದೆ. ನಲವತ್ತು ವರ್ಷ ಹಾಡಿ ನಾನು ಕಲಿತ ವಿದ್ಯೆ ಇಷ್ಟು. ಇದೇ ಮಾತು ಕ್ಯಾಮೆರಾಕ್ಕೂ ಹತ್ತತದ ಅನ್ನೋದು ನನ್ನ ಎರಡನೇ ಮಗನ ದಂಧೆಯ ಲೆಕ್ಕ ಮಾಡಲಿಕ್ಕೆ ಕೂತಾಗ ತಿಳೀತು.

ಮಗ ಲಗ್ನದ ಫೋಟೊ ತೆಗೀತಾನೆ. ನಮ್ಮ ಡಫಳಾಪುರ ಮತ್ತು ಸುತ್ತಲಿನ ಹಳ್ಳಿಯ ಲಗ್ನ, ಜಾವಳ, ಬಾರಸೆ, ಜಾತ್ರೆ ಅವನ ಹೊಲ ಇದ್ದ ಹಾಗೆ. ಎರಡು ವರ್ಷ ಮಳೆ ಕೈಕೊಟ್ಟಿತು, ದಾಳಿಂಬರಿ ತೋಟ ಬಾಡಿತು. ಮಳೆ ಇಲ್ಲದ ವರ್ಷ ಲಗ್ನವೂ ಕಡಿಮೆ, ಆದ ಲಗ್ನದಲ್ಲೂ ಫೋಟೊದ ರೊಕ್ಕ ಹಿಂದೆ ಉಳೀತದೆ. ಅಂಥಾದರಲ್ಲಿ ಮಗ ಬಂದು ಹೇಳಿದ, "ಅಪ್ಪಾ, ಇದ್ದ ಕ್ಯಾಮೆರಾ ಎಲ್ಲಾ ಮಾರಿ ಒಂದ ಹೊಸಾ ಮಿರರ್‌ಲೆಸ್ ತಗೋತೀನಿ. ಉಳದದ್ದ ಕಂತಿನ ಮ್ಯಾಲ. ಈಗ ಎಲ್ಲಾರೂ ಅದನ್ನ ಕೇಳತಾರ."

ನಾನು ಅಂದೆ, "ಲೇ ತಮ್ಮಾ, ಕೊಡೋದು ತಗೊಳ್ಳೋದು ಆಮ್ಯಾಲ. ಮೊದಲ ಎಲ್ಲಾ ತಂದು ಕಂಬಳಿ ಮ್ಯಾಲ ಇಡು. ಯಾವ ಎತ್ತು ಯಾವ ಕೆಲಸ ಮಾಡತದ ನೋಡೂಣು."

ಕಂಬಳಿ ಮೇಲೆ ಆರು ಬಾಡಿ ಬಂದವು. ಬಾಡಿ ಅಂದರೆ ಮುಂದಿನ ಲೆನ್ಸ್ ಬಿಟ್ಟು ಉಳಿದ ಡಬ್ಬಿ. ಒಂದು ಪೆಂಟ್ಯಾಕ್ಸ್ ಕೆ1000, ರೋಲಿನದು, ತೀರಿಕೊಂಡ ನನ್ನ ತಮ್ಮನದು. ಒಂದು ನಿಕಾನ್ ಡಿ90. ಎರಡು ಡಿ7200. ಒಂದು ಡಿ750. ಹೆಗಲ ಮೇಲೆ ಹೊತ್ತು ಲಗ್ನ ತೆಗೆಯುತ್ತಿದ್ದ ಕ್ಯಾಸೆಟ್ಟಿನ ವಿಡಿಯೋ ಕ್ಯಾಮೆರಾ ಒಂದು. ನಾನು ಏಳನೇ ಇಯತ್ತೆ ಕಲಿತವ, ಅವುಗಳ ಒಳಗಿನ ವಿದ್ಯೆ ನನಗೆ ತಿಳಿಯದು. ಆದರೆ ಪ್ರಶ್ನೆ ಕೇಳಲಿಕ್ಕೆ ಬರ್ತದೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ಕೇಳುತ್ತಾ ಹೋದೆ: ಇದು ಏನು ಮಾಡತದ, ಬ್ಯಾರೇದ್ದು ಮಾಡಲಾರದ್ದು ಏನು ಮಾಡತದ?

ಮೊದಲು ಡಿ750. ಇದರ ಸೆನ್ಸರ್ ದೊಡ್ಡದು, ಹಳೆಯ ರೋಲಿನ ಒಂದು ಚಿತ್ರದಷ್ಟೇ, 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಡಿ90, ಡಿ7200ರದು ಸುಮಾರು 24ಕ್ಕೆ 16. ಅಂದರೆ ದೊಡ್ಡದರ ಕ್ಷೇತ್ರ ಸಣ್ಣದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ. ನಾನು ಇದನ್ನು ಹಿಂಗ ತಿಳಕೊಂಡೆ: ಮಳೆ ಬರುವಾಗ ಅಂಗಳದಲ್ಲಿ ಚರಿಗಿಯನ್ನೂ ಇಡಿ, ಹಂಡೆಯನ್ನೂ ಇಡಿ. ಬಾಯಿ ಅಗಲ ಇದ್ದದ್ದರಲ್ಲಿ ನೀರು ಹೆಚ್ಚು ಬೀಳತದ. ಬೆಳಕೂ ಹಾಗೆ. ಧೋ ಅಂತ ಮಳೆ ಸುರಿಯುವಾಗ ಚರಿಗಿಯೂ ತುಂಬೀತು. ಜಿನುಗು ಮಳೆಯಲ್ಲಿ ಹಂಡೆಯ ಗುಣ ತಿಳೀತದೆ. ರಾತ್ರಿ ಭಜನೆಯ ಒಂದೇ ಬಲ್ಬಿನ ಬೆಳಕು ಜಿನುಗು ಮಳೆ ಇದ್ದ ಹಾಗೆ.

ಇದಕ್ಕೆ ಸಾಕ್ಷಿ ನಮ್ಮ ಮನೆಯಲ್ಲೇ ಇದೆ. ನಮ್ಮ ಮೇಳದ ಹಿರಿಯ ಹಾಡುಗಾರರು ಎಂಬತ್ತು ದಾಟಿದವರು, ಕೊನೆಯ ಸಲ ಗುಡಿಯಲ್ಲಿ ಹಾಡಿದಾಗ ಮಗ ಮೂಲೆಯಲ್ಲಿ ಕೂತಿದ್ದ. ಫ್ಲ್ಯಾಶ್ ಹೊಡೆದರೆ ಅವರ ಕಣ್ಣಿಗೆ ಕತ್ತಲೆ ಬರುತ್ತಿತ್ತು, ಪದ ನಿಲ್ಲುತ್ತಿತ್ತು. ಡಿ750ಕ್ಕೆ ಐವತ್ತರ ಲೆನ್ಸ್ ಹಾಕಿ ಬರೀ ಬಲ್ಬಿನ ಬೆಳಕಿನಲ್ಲಿ ತೆಗೆದ. ಅವರ ಕೊರಳಿನ ನರ, ತಾಳ ಹಿಡಿದ ಬೆರಳು, ಅರ್ಧ ಮುಚ್ಚಿದ ಕಣ್ಣು ಎಲ್ಲಾ ಬಂದಾವ. ಆರು ತಿಂಗಳಿಗೆ ಅವರು ಹೋದರು. ಅವರ ಮನೆಯ ಅಮ್ಮ ಬೇರೆ ಯಾವ ಫೋಟೊವನ್ನೂ ಗೋಡೆಗೆ ಹಾಕಲಿಲ್ಲ, ಅದನ್ನೇ ಹಾಕಿದರು. "ಇದು ನೋಡಿದರ ದನಿ ಕೇಳಿಸತದ" ಅಂದರು. ಹಿಂಗಾಗಿ ಡಿ750 ಇಟ್ಟುಕೊಳ್ಳುವ ಸಾಲಿಗೆ ಹೋಯಿತು.

ಅದರಲ್ಲಿ ಇನ್ನೊಂದು ಗುಣ ಇದೆ. ಎರಡು ಮೆಮರಿ ಕಾರ್ಡು ಹಿಡಿಯತಾವ. ಒಂದೇ ಚಿತ್ರ ಎರಡರಲ್ಲೂ ಬೀಳತದ. ಲಗ್ನದಲ್ಲಿ ಇದು ದೊಡ್ಡ ಮಾತು. ಅಕ್ಷತೆ ಬೀಳುವುದು ಒಂದೇ ಸಲ. ಪಕ್ಕದ ಊರಿನ ಒಬ್ಬ ಫೋಟೊದವನ ಒಂದೇ ಕಾರ್ಡು ಕೆಟ್ಟು ಇಡೀ ಲಗ್ನ ಹೋಯಿತು. ಹೆಣ್ಣಿನ ತಂದೆ ರೊಕ್ಕ ವಾಪಸ್ ಕೇಳಲಿಲ್ಲ, ಸುಮ್ಮನೆ ಅತ್ತ. ಬೈದಿದ್ದರೆ ತಡಕೋಬಹುದಿತ್ತು ಅಂತ ಆ ಹುಡುಗ ಈಗಲೂ ಹೇಳ್ತಾನೆ.

ಡಿ7200ಕ್ಕೂ ಎರಡು ಕಾರ್ಡು ಇದಾವ. ಡಿ750ದ ಬ್ಯಾಟರಿಯೇ ಇದಕ್ಕೂ ಕೂಡತದ. ಕರೆಂಟು ಹೋದ ಊರಲ್ಲಿ ಲಗ್ನ ಮಾಡುವವನಿಗೆ ಇದರ ಬೆಲೆ ಗೊತ್ತು. ಸೆನ್ಸರ್ ಸಣ್ಣದು ಅನ್ನೋದು ಇಲ್ಲಿ ಲಾಭವೇ ಆಗತದ. 200ರ ಲೆನ್ಸ್ ಇದರ ಮೇಲೆ 300ರ ಹಾಗೆ ದೂರದ್ದನ್ನು ಹತ್ತಿರ ತೋರಸತದ. ಗುಡ್ಡಾಪುರದ ದಾನಮ್ಮದೇವಿ ಜಾತ್ರೆಯ ಗದ್ದಲದಲ್ಲಿ ಗುಡಿಯ ಹತ್ತಿರ ಹೋಗಲಿಕ್ಕೆ ಆಗೋದಿಲ್ಲ, ದೂರ ಕಟ್ಟೆ ಮೇಲೆ ನಿಂತೇ ತೆಗೀಬೇಕು. ಆದರೆ ಅಂಥವು ಎರಡು ಯಾಕೆ? ಮೊದಲು ಇಬ್ಬರು ಹುಡುಗರು ಮಗನ ಕೈಕೆಳಗೆ ಇದ್ದರು, ಈಗ ಒಬ್ಬನೇ ಇದಾನೆ. ಹಾಗಾಗಿ ಒಂದು ಇಡೋದು, ಒಂದು ಕೊಡೋದು.

ಎರಡರಲ್ಲಿ ಯಾವುದು? ಎತ್ತಿನ ಹಲ್ಲು ನೋಡಿದ ಹಾಗೆ ಕ್ಯಾಮೆರಾದ ವಯಸ್ಸನ್ನೂ ನೋಡಬಹುದಂತೆ. ಎಷ್ಟು ಸಲ ಶಟರ್ ಬಿದ್ದದ ಅನ್ನೋ ಎಣಿಕೆ ಸಿಗತದ. ಕಂಪನಿಯವರು ಡಿ90ಕ್ಕೆ 1,00,000 ಸಲ, ಡಿ7200 ಮತ್ತು ಡಿ750ಕ್ಕೆ 1,50,000 ಸಲ ಪರೀಕ್ಷೆ ಮಾಡಿ ಬಿಟ್ಟಿದ್ದಾರೆ. ಅಷ್ಟಕ್ಕೇ ನಿಲ್ತದೆ ಅಂತಲ್ಲ, ಮುಂದಿನದು ಪುಣ್ಯದ ಲೆಕ್ಕ. ಹೆಚ್ಚು ದುಡಿದದ್ದನ್ನು ಮಾರಿದರೆ ಬೆಲೆ ಬರೋದಿಲ್ಲ, ಕಡಿಮೆ ದುಡಿದದ್ದನ್ನು ಮಾರಿದರೆ ನಮಗೆ ಮುದಿ ಎತ್ತು ಉಳೀತದೆ. ಮಗ ಕಡಿಮೆ ದುಡಿದದ್ದನ್ನೇ ಇಟ್ಟುಕೊಂಡ. ಮಾರುವಾಗ ಎಣಿಕೆ ಎಷ್ಟು ಅಂತ ತಗೊಳ್ಳುವವನಿಗೆ ತಾನೇ ಮೊದಲು ಹೇಳಿದ. ಅದು ನನಗೆ ಸೇರಿತು.

ಇನ್ನು ಡಿ90. ಅದು 2008ರಲ್ಲಿ ಬಂದದ್ದು. ಫೋಟೊದ ಅಂಥಾ ಕ್ಯಾಮೆರಾದಲ್ಲಿ ವಿಡಿಯೋ ಮೊದಲು ಬಂದದ್ದು ಅದರಲ್ಲೇ ಅಂತ ಮಗ ಹೇಳಿದ. ಆದರೆ ಅದರ ಒಳ್ಳೇ ವಿಡಿಯೋ ಐದು ನಿಮಿಷಕ್ಕೆ ನಿಲ್ಲತದ. ನಮ್ಮ ಪದ ಐದು ನಿಮಿಷದಲ್ಲಿ ನಮನವನ್ನೂ ಮುಗಿಸೋದಿಲ್ಲ! ಈಗ ಮಾರಿದರೆ ಅದಕ್ಕೆ ಒಂದು ಆಡಿನ ಬೆಲೆಯೂ ಬರೋದಿಲ್ಲ. ಹಾಗಾದರೆ ಬಿಸಾಕೋದೇನು? ಇಲ್ಲ. ಹುಲಜಂತಿ ನೆನಪಾಯಿತು.

ಮಂಗಳವೇಢಾ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ಮಹಾಲಿಂಗರಾಯನ ಜಾತ್ರೆ. ಪಲ್ಲಕ್ಕಿಗಳ ಭೇಟಿ ಆಗುವಾಗ ಭಂಡಾರ ತೂರತಾರ, ಆಕಾಶವೇ ಹಳದಿ ಆಗತದ. ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲೂ ಹಾಗೇ, ಫೋಟೊದವರು ದೂರದೂರದಿಂದ ಬರತಾರ. ಭಕ್ತರಿಗೆ ಭಂಡಾರ ಪ್ರಸಾದ, ಕ್ಯಾಮೆರಾಕ್ಕೆ ವಿಷ. ನುಣ್ಣನೆ ಪುಡಿ ಗುಂಡಿಯ ಸಂದಿಯಲ್ಲಿ, ಲೆನ್ಸಿನ ಮಡಿಕೆಯಲ್ಲಿ ಹೋಗಿ ಕೂಡತದ. ಅಲ್ಲಿ ಲೆನ್ಸ್ ಬದಲಿ ಮಾಡಲೇಬಾರದು. ಮನೆಯಲ್ಲೇ ಒಂದು ಲೆನ್ಸ್ ಹಾಕಿಕೊಂಡು, ಪ್ಲಾಸ್ಟಿಕ್ ಚೀಲ ಸುತ್ತಿ, ರಬ್ಬರ್ ಹಾಕಿ ಒಳಗೆ ಹೋಗಬೇಕು. ಆ ಕೆಲಸಕ್ಕೆ ಬೆಲೆ ಬಾಳದ ಡಿ90ಯೇ ಸರಿ. ಹಗಲು, ಬೇಕಾದಷ್ಟು ಬೆಳಕು, ಹಂಡೆ ಬೇಕಾಗಿಲ್ಲ, ಚರಿಗಿ ಸಾಕು. ಕೆಟ್ಟರೆ ದೇವರಿಗೆ ಅರ್ಪಣೆ.

ಕ್ಯಾಸೆಟ್ಟಿನ ವಿಡಿಯೋ ಕ್ಯಾಮೆರಾದ ಬಗ್ಗೆ ಮಾತೇ ಬೇಕಾಗಲಿಲ್ಲ. ಅದರ ಕ್ಯಾಸೆಟ್ ಸಿಗೋದಿಲ್ಲ, ಕೆಲಸವೂ ಇಲ್ಲ.

ಕೊನೆಗೆ ಉಳಿದದ್ದು ನನ್ನ ತಮ್ಮನ ಕೆ1000. ಇಲ್ಲಿ ಮಗನದೂ ನನ್ನದೂ ಜಗಳ ಆತು, ಅದೂ ತಲೆಕೆಳಗಾಗಿ. ಹೊಸದು ಬೇಕು ಅಂದ ಮಗನೇ, "ಕಾಕಾನ ನೆನಪು, ಕಪಾಟಿನ್ಯಾಗ ಇರಲಿ" ಅಂದ. ಹಳೇ ಮನುಷ್ಯ ನಾನು, "ಕಪಾಟಿನ್ಯಾಗ ಇಡೂದಾದರ ಕೊಟ್ಟುಬಿಡು" ಅಂದೆ. ಬಾರಿಸದೆ ತೂಗು ಹಾಕಿದ ದಮ್ಮಡಿಯ ಚರ್ಮ ಬಿರಿಯತದ. ಉಪಯೋಗಿಸದೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಹಿಡೀತದೆ. ನೆನಪು ಇರಬೇಕಾದರೆ ಅದು ದುಡೀಬೇಕು.

ಅದು ದುಡಿಯುವ ಶಕ್ತಿ ಇದ್ದದ್ದೇ. ಅದರಲ್ಲಿ ಬ್ಯಾಟರಿ ಬರೀ ಬೆಳಕು ಅಳೆಯುವ ಮುಳ್ಳಿಗೆ. ಬ್ಯಾಟರಿ ಸತ್ತರೂ ಶಟರ್ ಬೀಳತದ. ಒಂದು ರೋಲಿಗೆ 36 ಚಿತ್ರ. ನಮ್ಮ ಮೇಳದ ಏಳು ಮಂದಿ ಒಟ್ಟಿಗೆ ನಿಂತ ಒಂದೇ ಒಂದು ಫೋಟೊ ತಮ್ಮ ಅದರಲ್ಲೇ ತೆಗೆದದ್ದು. ಆ ಏಳರಲ್ಲಿ ಈಗ ಮೂರು ಮಂದಿ ಉಳಿದೀವಿ. ಅದರ ನೆಗೆಟಿವ್ ಟ್ರಂಕಿನಲ್ಲಿ ಇನ್ನೂ ಸರಿಯಾಗಿದೆ. ಬೆಳಕಿಗೆ ಹಿಡಿದರೆ ಮುಖ ಕಾಣತಾವ. ಮಗ ಮೊದಲ ವರ್ಷಗಳಲ್ಲಿ ತೆಗೆದ ಲಗ್ನಗಳು ಒಂದು ಹಾರ್ಡ್ ಡಿಸ್ಕಿನಲ್ಲಿ ಇದ್ದವು, ಅದು ಒಂದು ದಿನ ಟಿಕ್ ಟಿಕ್ ಅಂದು ನಿಂತಿತು, ಮತ್ತೆ ಏಳಲಿಲ್ಲ. ಆದ್ದರಿಂದ ಹಿಂಗ ಠರಾಯಿಸಿದೆವು: ರೋಲು ಈಗ ದುಬಾರಿ, ತೊಳೆಯಲಿಕ್ಕೆ ದೂರ ಕಳಿಸಬೇಕು. ಆದರೂ ವರ್ಷಕ್ಕೆ ಒಂದು ರೋಲು. ಊರಿನ ಮುದುಕರು, ಹಾಡುವವರು, ಬೀಸುವ ಪದ ಬಲ್ಲ ಆಯಿಗಳು. ಮೂವತ್ತಾರೇ ಚಿತ್ರ ಇದ್ದಾಗ ಯಾರದು ತೆಗೀಬೇಕು ಅಂತ ನಾಲ್ಕು ಸಲ ವಿಚಾರ ಮಾಡತೀವಿ, ಹೋಗಿ ಕೂತು ಮಾತಾಡತೀವಿ. ಆ ಮಾತೇ ಅರ್ಧ ಲಾಭ.

ಮಿರರ್‌ಲೆಸ್ ಏನಾಯಿತು ಅಂತ ಕೇಳೀರಿ. ಅದರ ಗುಣ ನಾನು ಅಲ್ಲಗಳೆಯೋದಿಲ್ಲ. ಒಳಗೆ ಕನ್ನಡಿ ಇಲ್ಲ, ಖಟ್ ಅನ್ನೋ ಸಪ್ಪಳ ಇಲ್ಲದೆ ತೆಗೀಬಹುದು. ತತ್ವಪದ ಹಾಡುವವನಿಗೆ ಅದು ದೊಡ್ಡ ಉಪಕಾರ. ಆದರೆ ನಮ್ಮ ಹಳೇ ಐವತ್ತರ ಲೆನ್ಸಿಗೆ ಒಳಗೆ ಮೋಟಾರು ಇಲ್ಲ, ಅದನ್ನು ತಿರುಗಿಸುವ ಮೋಟಾರು ಈ ಬಾಡಿಗಳಲ್ಲಿ ಇದೆ. ನಿಕಾನಿನ ಹೊಸ ಜೆಡ್ ಬಾಡಿಗೆ ಕಂಪನಿಯದೇ ಅಡಾಪ್ಟರ್ ಹಾಕಿ ಕೂಡಿಸಿದರೂ ಕೈಯಿಂದಲೇ ಫೋಕಸ್ ಮಾಡಬೇಕು. ಅಂದರೆ ಬಾಡಿ ಒಂದೇ ಅಲ್ಲ, ಲೆನ್ಸೂ ಹೊಸದು ಬೇಕು, ಕಂತು ಎರಡಾಗತದ. ವರ್ಷಕ್ಕೆ ಎರಡು ಸಲ ರೋಟಾವೇಟರ್ ಬೇಕು ಅಂತ ನಾವು ರೋಟಾವೇಟರ್ ಕೊಳ್ಳತೀವೇನು? ಬಾಡಿಗಿ ತರತೀವಿ. ಕ್ಯಾಮೆರಾನೂ ಬಾಡಿಗಿಗೆ ಸಿಗತಾವ. ಕೇಳುವ ಗಿರಾಕಿ ಬಂದ ದಿನ ತರಬೇಕು, ಬಾಡಿಗಿ ಅವರ ಬಿಲ್ಲಿನಲ್ಲಿ ಹಾಕಬೇಕು. ಅಂಥ ಗಿರಾಕಿ ಹೆಚ್ಚಾದ ವರ್ಷ ಕೊಳ್ಳೋಣ.

ಕಂಬಳಿ ಮೇಲೆ ಇಡದ ಒಂದು ಕ್ಯಾಮೆರಾ ಉಳಿದಿತ್ತು, ನನ್ನ ಕಿಸೆಯ ಮೊಬೈಲು. ನಮ್ಮ ಮಹಾರಾಷ್ಟ್ರದಲ್ಲಿ 2021ರಿಂದ ಈ-ಪೀಕ ಪಾಹಣಿ ಬಂದದ. ರೈತ ತಾನೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ಹಾಕಬೇಕು, ಆಗ ಸಾತಬಾರಾದ ಮೇಲೆ ಬೆಳೆ ಏರತದ. ಆ ಕೆಲಸ ಡಿ750ಕ್ಕೂ ಬರೋದಿಲ್ಲ. ನನ್ನ ಜೋಳದ ಹೊಲ ಸರಕಾರದ ಕಣ್ಣಿಗೆ ಕಾಣೋದು ಈ ಒಡೆದ ಗಾಜಿನ ಮೊಬೈಲಿನಿಂದಲೇ.

ಮಾರಿದ್ದು ಎರಡು, ಇಟ್ಟದ್ದು ನಾಲ್ಕು. ಬಂದ ರೊಕ್ಕ ಬಹಳಲ್ಲ. ಡಿ750 ಒಮ್ಮೆ ಬಿಚ್ಚಿ ತೊಳೆಸಿದೆವು, ಉಳಿದದ್ದು ಬಾವಿಯ ಮೋಟಾರಿಗೆ ಹೋಯಿತು. ಕಂತು ಮಾತ್ರ ಮನೆ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ನಿಮ್ಮ ಮನೆಯಲ್ಲೂ ಸಾಮಾನು ಹೆಚ್ಚಾಗಿದ್ದರೆ, ಬೆಲೆ ಕೇಳುವ ಮೊದಲು ಅದರ ಕೆಲಸ ಕೇಳಿರಿ. ಕೆಲಸ ಹೇಳಲಾರದ್ದು ತಾನೇ ಬಾಗಿಲ ಕಡೆ ನಡೀತದೆ.