ಉದ್ದ ಕಾರು, ಗಿಡ್ಡ ದಾರಿ

ಅಮೆರಿಕದ ಹೈಸ್ಕೂಲು ಮಕ್ಕಳು ಓದು ಮುಗಿಸುವ ವರ್ಷ, ಮೇ ತಿಂಗಳಲ್ಲೋ ಜೂನ್ ಮೊದಲ ವಾರದಲ್ಲೋ, ಒಂದು ಸಂಜೆ ಸೂಟು ಗೌನು ತೊಟ್ಟು ಕುಣಿಯಲು ಹೋಗುತ್ತಾರೆ. ಅದೇ ಪ್ರಾಮ್. ಕುಣಿತದ ಹಾಲ್ ಮನೆಯಿಂದ ಬಹಳ ಅಂದರೆ ಇಪ್ಪತ್ತು ನಿಮಿಷದ ದಾರಿ. ಮನೆ ಮುಂದೆ ಎರಡು ಕಾರು ನಿಂತಿರುತ್ತವೆ. ಬಿಟ್ಟು ಬರಲು ಅಪ್ಪ ಸಿದ್ಧ, ಅಮ್ಮ ಸಿದ್ಧ. ಹೊಸದಾಗಿ ಲೈಸೆನ್ಸ್ ಬಂದ ಮಕ್ಕಳಂತೂ ಕೀ ಹಿಡಿದೇ ಓಡಾಡುತ್ತಿರುತ್ತಾರೆ. ಆದರೂ ಆ ಒಂದು ಸಂಜೆಗೆ ಬಾಡಿಗೆ ಗಾಡಿಯೇ ಆಗಬೇಕು. ಅದು ಲಿಮೋ ಅನ್ನುವ ಉದ್ದನೆಯ ಕಾರಾಗಿರಬೇಕು. ಓಡಿಸುವವನು ಕರಿ ಕೋಟು ಹಾಕಿಕೊಂಡು ಇಳಿದು ಬಂದು ಬಾಗಿಲು ತೆಗೆಯಬೇಕು.

ನ್ಯೂಜೆರ್ಸಿಯ ತಂಗಿ ಮನೆಗೆ ನಾನು ಹೋಗಿದ್ದು ನಾಲ್ಕು ಊರು ಸುತ್ತಿ ಬರೋಣ ಅಂತ. ಸಿಕ್ಕಿದ್ದು ಈ ಬಾಡಿಗೆ ಗಾಡಿಯ ಪಂಚಾಯಿತಿ. ಹಿರಿಯ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಸೋಫಾದ ಮಧ್ಯೆ ಕೂರಿಸಿ ಎರಡೂ ಕಡೆಯವರು ವಾದ ಶುರು ಮಾಡಿದರು.

“ನೀವೇ ಹೇಳಿ ಭಾವ, ಎಂಟು ಮೈಲಿ ದೂರಕ್ಕೆ ಆರು ಗಂಟೆ ಬಾಡಿಗೆ ಕೊಡ್ಬೇಕಂತೆ!” ಅಂದ ತಂಗಿಯ ಗಂಡ.

“ಮಾಮ, ಎಲ್ಲರೂ ಲಿಮೋದಲ್ಲೇ ಹೋಗೋದು. ನಾನು ಡ್ಯಾಡಿಯ ವ್ಯಾನಲ್ಲಿ ಇಳೀಬೇಕಾ?” ಅಂದಳು ಸೋದರ ಸೊಸೆ.

ವ್ಯಾನಿಗೇನು ಕಡಿಮೆಯಾಗಿತ್ತೋ ನನಗೆ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆಯ ವಾಸನೆ ಸ್ವಲ್ಪ ಇತ್ತು, ಅಷ್ಟೆ.

ತೀರ್ಪು ಕೊಟ್ಟಿದ್ದು ನಾನಲ್ಲ, ಆ ರಾಜ್ಯದ ಕಾನೂನು. ನ್ಯೂಜೆರ್ಸಿಯಲ್ಲಿ 17 ತುಂಬಿದವರಿಗೆ ಕೊಡುವುದು ಅರೆ ಲೈಸೆನ್ಸ್. ನಂಬರ್ ಪ್ಲೇಟಿಗೆ ಕೆಂಪು ಚೀಟಿ ಸಿಕ್ಕಿಸಿಕೊಂಡು ಓಡಿಸಬೇಕು. 2010ರಿಂದ ಈ ನಿಯಮ. ರಾತ್ರಿ 11 ದಾಟಿತೆಂದರೆ ಬೆಳಗಿನ 5ರವರೆಗೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಅಪ್ಪನೋ ಅಮ್ಮನೋ ಪಕ್ಕದಲ್ಲಿ ಇಲ್ಲದಿದ್ದರೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಿಕೊಳ್ಳುವಂತಿಲ್ಲ. ಪ್ರಾಮ್ ಮುಗಿಯುವುದೇ ಹನ್ನೊಂದರ ಆಸುಪಾಸಿಗೆ, ಹೋಗುವುದು ಎಂಟು ಹತ್ತು ಜನರ ಗುಂಪು. ಇನ್ನು ಆ ಮಕ್ಕಳು ತಾವೇ ಓಡಿಸಿಕೊಂಡು ಬರುವುದೆಲ್ಲಿ ಬಂತು? ಇಷ್ಟು ಗೊತ್ತಾದ ಮೇಲೆ ತಂಗಿಯ ಗಂಡನ ದನಿ ಇಳಿಯಿತು. ಖರ್ಚಿನ ಮಾತು ಮಾತ್ರ ಇಳಿಯಲಿಲ್ಲ.

ಖರ್ಚಿಗೆ ಅವನು ಬೆಚ್ಚಿದ್ದರಲ್ಲಿ ತಪ್ಪೇನಿಲ್ಲ. ವೀಸಾ ಕಾರ್ಡ್ ಕಂಪನಿ ಕೆಲವು ವರ್ಷ ಈ ಪ್ರಾಮ್ ಖರ್ಚಿನ ಸಮೀಕ್ಷೆ ಮಾಡಿಸುತ್ತಿತ್ತು. 2013ರಲ್ಲಿ ಒಂದು ಕುಟುಂಬಕ್ಕೆ ಸರಾಸರಿ 1,139 ಡಾಲರ್ ಅಂತ ಬಂತು. 2015ರಲ್ಲಿ 919ಕ್ಕೆ ಇಳಿಯಿತು. ಅದರಲ್ಲಿ 324 ಡಾಲರ್ “ನನ್ನ ಜೊತೆ ಪ್ರಾಮ್‌ಗೆ ಬರ್ತೀಯಾ” ಅಂತ ಕೇಳುವ ಸಂಭ್ರಮಕ್ಕೇ ಹೋಗಿತ್ತು. ಕೇಳುವುದಕ್ಕೇ ಅಷ್ಟು! ನಮ್ಮ ಕಾಲದಲ್ಲಿ ಕೇಳುವ ಧೈರ್ಯವೇ ಇರಲಿಲ್ಲವಾದ್ದರಿಂದ ದುಡ್ಡು ಉಳಿಯಿತು.

ಗಾಡಿಯ ಕರಾರು ಪತ್ರ ಬಂದಾಗ ನನಗೆ ಒಳಗೊಳಗೇ ಖುಷಿ. ಧರ್ಮಸ್ಥಳ, ಕುಕ್ಕೆ, ಹೊರನಾಡು ಅಂತ ಮನೆಮಂದಿಗೆಲ್ಲ ಟಿಟಿ ಮಾತಾಡಿದವನಿಗೆ ಅದರಲ್ಲಿ ಹೊಸದೇನಿದೆ? ನಮ್ಮಲ್ಲಿ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಲೆಕ್ಕ, ಅಲ್ಲಿ ಕನಿಷ್ಠ ಇಷ್ಟು ಗಂಟೆ ಅಂತ. ನಮ್ಮಲ್ಲಿ ಮೀಟರ್ ಓಡುವುದು ಶೆಡ್‌ನಿಂದ ಶೆಡ್‌ಗೆ, ಅಲ್ಲಿ ಗ್ಯಾರೇಜಿನಿಂದ ಗ್ಯಾರೇಜಿಗೆ. ಇಲ್ಲಿ ಡ್ರೈವರ್ ಬಾಟಾ, ಅಲ್ಲಿ ಟಿಪ್ಸ್. ಟೋಲು ಎರಡೂ ಕಡೆ ಬೇರೆ. ಒಂದೇ ಒಂದು ಸಾಲನ್ನು ಮಾತ್ರ ನಮ್ಮವರು ಇನ್ನೂ ಕಲಿತಿಲ್ಲ: ಗಾಡಿಯೊಳಗೆ ಯಾರಾದರೂ ವಾಂತಿ ಮಾಡಿದರೆ ನೂರಾರು ಡಾಲರ್ ದಂಡ ಅಂತ ಮುಂಚೆಯೇ ಅಚ್ಚು ಹಾಕಿಸಿರುತ್ತಾರೆ. ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸುವ ನಮ್ಮ ಹುಡುಗರು ಈ ನಿಯಮ ತಂದರೆ ವರ್ಷದೊಳಗೆ ಮನೆ ಕಟ್ಟಿಸುತ್ತಾರೆ.

ಕರಾರಿಗೆ ಮಕ್ಕಳು ಸಹಿ ಹಾಕುವಂತಿಲ್ಲ, ದೊಡ್ಡವರೊಬ್ಬರು ಹಾಕಬೇಕು. ಸಹಿ ಹಾಕಿದವರೇ ಖಜಾಂಚಿ. ಗುಂಪಿನಲ್ಲಿ ಒಬ್ಬ ಸಾಫ್ಟ್‌ವೇರ್ ಅಪ್ಪ ಇದ್ದರೆ ತಕ್ಷಣ ಎಕ್ಸೆಲ್ ಶೀಟು ಹುಟ್ಟುತ್ತದೆ; ಆ ಭಾಗ್ಯ ನಮ್ಮವನಿಗೇ ಬಂತು. ಯಾರು ಕೊಟ್ಟರು, ಯಾರು ಬಾಕಿ, ಯಾರು “ನಾಳೆ ಕಳಿಸ್ತೀನಿ” ಅಂದರು ಅಂತ ಬಣ್ಣ ಬಣ್ಣದ ಸಾಲು. ವಾರ ಇದೆ ಅನ್ನುವಾಗ ಒಂದು ಜೋಡಿ ಮುರಿದು ಬಿತ್ತು. ಹೃದಯ ಒಡೆದರೂ ಅಡ್ವಾನ್ಸ್ ವಾಪಸ್ ಬರುವುದಿಲ್ಲ. ಆ ಇಬ್ಬರ ಪಾಲು ಉಳಿದವರ ತಲೆಗೆ ಹಂಚಿಕೆಯಾಯಿತು. ಇನ್ನೊಂದು ಕಂಪನಿ ಹುಡುಕೋಣವೆಂದರೆ ಅದೇ ಶನಿವಾರಗಳಲ್ಲಿ ಅಲ್ಲಿಯವರ ಮದುವೆಗಳೂ ಇರುತ್ತವೆ. ಲಗ್ನದ ಸೀಸನ್ನಿನಲ್ಲಿ ಛತ್ರ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಉದ್ದ ಕಾರು ಹುಟ್ಟಿದ್ದು ದೊಡ್ಡ ಮನುಷ್ಯರಿಗಾಗಿ ಅಂದುಕೊಂಡಿದ್ದೆ. ಅಲ್ಲವಂತೆ, ವಾದ್ಯದವರಿಗಾಗಿ. 1928ರ ಸುಮಾರಿಗೆ ಅರ್ಕನ್ಸಾ ರಾಜ್ಯದ ಫೋರ್ಟ್ ಸ್ಮಿತ್ ಊರಿನಲ್ಲಿ ಆರ್ಮ್‌ಬ್ರಸ್ಟರ್ ಅನ್ನುವ ಕಂಪನಿ ಕಾರನ್ನು ಉದ್ದ ಮಾಡಿ ಕೊಡಲು ಶುರು ಮಾಡಿತು. ಮುಂದೆ ಗ್ಲೆನ್ ಮಿಲ್ಲರ್, ಬೆನ್ನಿ ಗುಡ್‌ಮನ್ ಅವರಂಥ ದೊಡ್ಡ ದೊಡ್ಡ ಬ್ಯಾಂಡಿನವರು ಆಳು, ತುತ್ತೂರಿ, ಡೋಲು ಎಲ್ಲವನ್ನೂ ತುಂಬಿಕೊಂಡು ಊರೂರು ತಿರುಗಿದ್ದು ಇಂಥ ಗಾಡಿಗಳಲ್ಲಿ. ಬ್ಯಾಂಡ್‌ಸೆಟ್ಟಿನವರ ಗಾಡಿಗೆ ಆಮೇಲೆ ಸಿನಿಮಾ ತಾರೆಯರು ಹತ್ತಿದರು, ಮದುಮಕ್ಕಳು ಹತ್ತಿದರು, ಕೊನೆಗೆ ಹೈಸ್ಕೂಲು ಮಕ್ಕಳೂ ಹತ್ತಿದರು. ಉದ್ದದ ಹುಚ್ಚು ಎಲ್ಲಿಗೆ ಮುಟ್ಟಿತೆಂದರೆ, ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ 1986ರಲ್ಲಿ ಒಬ್ಬ ಕಾರು ಶೋಕಿದಾರ 60 ಅಡಿಯ ಲಿಮೋ ಕಟ್ಟಿ, ಸಾಲದೆಂದು 100 ಅಡಿಗೆ ಎಳೆದ. 26 ಚಕ್ರ, ಹಿಂಭಾಗದಲ್ಲಿ ಹೆಲಿಕಾಪ್ಟರ್ ಇಳಿಯುವ ಜಾಗ, ಈಜುವ ಕೊಳ. ಪಾಳು ಬಿದ್ದಿದ್ದ ಅದನ್ನು ರಿಪೇರಿ ಮಾಡಿಸಿ 2022ರಲ್ಲಿ ಮತ್ತೆ ಗಿನ್ನೆಸ್ ದಾಖಲೆಗೆ ಸೇರಿಸಿದ್ದಾರೆ. ಅದನ್ನು ಯಾವ ತಿರುವಿನಲ್ಲಿ ತಿರುಗಿಸುತ್ತಾರೋ ದೇವರೇ ಬಲ್ಲ.

ಇಂಗ್ಲೆಂಡಿನ ಶಾಲೆಗಳೂ ಅಮೆರಿಕವನ್ನು ನೋಡಿ ಈ ಪ್ರಾಮ್ ಶುರುಮಾಡಿಕೊಂಡಿವೆ. ಅಲ್ಲಿ ಹದಿನಾರರ ಮಕ್ಕಳು ಲಿಮೋ ಅಷ್ಟೇ ಅಲ್ಲ, ಕುದುರೆಗಾಡಿ, ಅಗ್ನಿಶಾಮಕ ಗಾಡಿಗಳಲ್ಲೂ ಬಂದಿಳಿಯುತ್ತಾರೆ. ಹಳ್ಳಿ ಕಡೆಯವರು ತೊಳೆದು ಮಿಂಚಿಸಿದ ಟ್ರ್ಯಾಕ್ಟರ್ ಹತ್ತಿ ಬರುತ್ತಾರೆ. ಮಂಡ್ಯದ ಹುಡುಗರಿಗೆ ಇದನ್ನು ಹೇಳಿದರೆ, ನಾವು ದಿನಾ ಹೋಗೋದೇ ಅದರಲ್ಲಿ ಅಂತ ನಕ್ಕಾರು.

ಇನ್ನು ನಗುವ ಮಾತಲ್ಲ. ಕಾರನ್ನು ಉದ್ದ ಮಾಡುವುದೆಂದರೆ ನಡು ಕತ್ತರಿಸಿ, ಹೊಸ ಭಾಗ ಇಟ್ಟು ಬೆಸುಗೆ ಹಾಕುವುದು. ಬ್ರೇಕು, ಬಾಗಿಲು, ಬೆಲ್ಟು ಎಲ್ಲವನ್ನೂ ಕಾರ್ಖಾನೆ ಲೆಕ್ಕ ಹಾಕಿರುವುದು ಮೊದಲಿನ ಉದ್ದಕ್ಕೆ, ಮೊದಲಿನ ತೂಕಕ್ಕೆ. 2018ರ ಅಕ್ಟೋಬರ್ 6ರಂದು ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿಯಲ್ಲಿ ಒಂದು ಸ್ನೇಹಿತರ ಬಳಗ ಹುಟ್ಟುಹಬ್ಬಕ್ಕೆಂದು ಲಿಮೋ ಮಾಡಿಕೊಂಡು ಹೊರಟಿತ್ತು. ಕುಡಿದು ಯಾರೂ ಕಾರು ಓಡಿಸುವುದು ಬೇಡ ಅನ್ನುವ ವಿವೇಕದಿಂದಲೇ ಮಾಡಿಕೊಂಡ ಬಾಡಿಗೆ ಅದು. ಗಾಡಿ 2001ರ ಫೋರ್ಡ್ ಎಕ್ಸ್‌ಕರ್ಷನ್, ಕತ್ತರಿಸಿ ಉದ್ದ ಮಾಡಿದ್ದು. ಹಿಂದಿನ ತಿಂಗಳಷ್ಟೇ ಸರ್ಕಾರಿ ತಪಾಸಣೆಯಲ್ಲಿ ಫೇಲಾಗಿತ್ತು. ಡ್ರೈವರ್ ಬಳಿ ಅಷ್ಟು ಜನರನ್ನು ಒಯ್ಯಲು ಬೇಕಾದ ಲೈಸೆನ್ಸ್ ಇರಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಗಾಡಿಯಲ್ಲಿದ್ದ 18 ಜನ, ದಾರಿ ಬದಿ ನಿಂತಿದ್ದ ಇಬ್ಬರು, ಒಟ್ಟು 20 ಸಾವು. ಗಾಡಿಯನ್ನು ಬಾಡಿಗೆಗೆ ಬಿಟ್ಟವನಿಗೆ 2023ರಲ್ಲಿ ಜೈಲಾಯಿತು.

ಇದನ್ನು ಓದಿದ ರಾತ್ರಿ ತಂಗಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ ಬುಕ್ ಮಾಡಿದ್ದ ಕಡೆಗೆ ಫೋನ್ ಹಚ್ಚಿ ಕೇಳತೊಡಗಿದಳು. ಒಳಗಿನ ದೀಪ ಯಾವ ಬಣ್ಣ, ಸ್ಪೀಕರ್ ಎಷ್ಟು ದೊಡ್ಡದು ಅಂತ ಮಗಳು ಆಗಲೇ ಕೇಳಿ ಮುಗಿಸಿದ್ದಳು. ಇವಳು ಕೇಳಿದ್ದು ಗಾಡಿಯ ನಂಬರು, ಕೊನೆಯ ತಪಾಸಣೆಯ ತಾರೀಖು, ವಿಮೆಯ ಕಾಗದ. ನ್ಯೂಜೆರ್ಸಿಯಲ್ಲಿ ಲಿಮೋಗೆ 15 ಲಕ್ಷ ಡಾಲರ್ ವಿಮೆ ಇರಲೇಬೇಕು. ಡ್ರೈವರೂ ಸೇರಿ 16 ಅಥವಾ ಹೆಚ್ಚು ಜನ ಕೂರುವ ಗಾಡಿಯಾದರೆ ಓಡಿಸುವವನಿಗೆ ದೇಶದ ಯಾವ ಮೂಲೆಯಲ್ಲೂ ಕಮರ್ಷಿಯಲ್ ಲೈಸೆನ್ಸ್ ಬೇಕು, ಅದರ ಮೇಲೆ ಪ್ರಯಾಣಿಕರನ್ನು ಒಯ್ಯುವ ಅನುಮತಿಯೂ ಬೇಕು. ಆ ಕಡೆಯ ಹುಡುಗ ತಡವರಿಸಿದ, ಬೇಜಾರು ಮಾಡಿಕೊಂಡ; ಕಾಗದ ಕಳಿಸಲೇ ಇಲ್ಲ. ತಂಗಿ ಅಡ್ವಾನ್ಸ್ ಆಸೆ ಬಿಟ್ಟು ಬೇರೆ ಕಂಪನಿ ಹಿಡಿದಳು. ಉದ್ದ ಲಿಮೋ ಹೋಗಿ ಹದಿನಾಲ್ಕು ಸೀಟಿನ ಬೆಂಜ್ ಸ್ಪ್ರಿಂಟರ್ ವ್ಯಾನ್ ಬಂತು. ನೋಡಲು ನಮ್ಮ ಟಿಟಿಯೇ. ಮಗಳ ಮುಖ ಎರಡು ದಿನ ಗಂಟು.

ಆ ಸಂಜೆ ಯಾರದೋ ದೊಡ್ಡ ಮನೆಯ ಹುಲ್ಲುಹಾಸಿನಲ್ಲಿ ಎಲ್ಲರ ಅಪ್ಪ ಅಮ್ಮಂದಿರೂ ಸೇರಿದ್ದರು. ಹುಡುಗರ ಕೋಟಿಗೆ ಹೂವು, ಹುಡುಗಿಯರ ಮುಂಗೈಗೆ ಹೂವು, ಗೌನಿನ ಬಣ್ಣಕ್ಕೇ ಹೊಂದುವ ಟೈ. ನಮ್ಮ ಬೀಗತಿ, ಅಂದರೆ ತಂಗಿಯ ಅತ್ತೆ, ಮನೆಯಲ್ಲೇ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿ, ಹೊಗೆ ಅಲಾರಾಂ ಹೊಡೆಸಿಯೇ ಮೊಮ್ಮಗಳನ್ನು ಹೊರಡಿಸಿದ್ದರು. ಫೋಟೋ ಮುಗಿಯುವಷ್ಟರಲ್ಲಿ ಒಂದು ಗಂಟೆ ಬಾಡಿಗೆ ನಿಂತಲ್ಲೇ ಕರಗಿತು.

ನನ್ನ ಕಣ್ಣು ಡ್ರೈವರ್ ಮೇಲಿತ್ತು. ಅರವತ್ತು ದಾಟಿದ ಮನುಷ್ಯ. ಅವನ ಫೋಟೋ ಯಾರೂ ತೆಗೆಯಲಿಲ್ಲ. ಅವನು ಮಾತ್ರ ತಲೆ ಎಣಿಸಿದ, ಬ್ಯಾಗುಗಳ ಕಡೆ ನೋಡಿದ, ಬಾಟಲಿ ಕಂಡರೆ ಅಲ್ಲಿಂದಲೇ ಗಾಡಿ ವಾಪಸ್ಸು, ದುಡ್ಡೂ ವಾಪಸ್ಸಿಲ್ಲ ಅಂತ ನಗುತ್ತಲೇ ಹೇಳಿದ. ಅಮೆರಿಕದಲ್ಲಿ 21 ತುಂಬುವ ತನಕ ಮಕ್ಕಳಿಗೆ ಮದ್ಯ ಮಾರುವಂತಿಲ್ಲ, ಆದರೆ ಪ್ರಾಮ್ ರಾತ್ರಿ ನೀರಿನ ಬಾಟಲಿಯಲ್ಲಿ ಇರುವುದೆಲ್ಲ ನೀರಲ್ಲ. ಕ್ಯಾಲಿಫೋರ್ನಿಯಾ ಇನ್ನೂ ಬಿಗಿ: 2013ರಿಂದ, ಬಾಡಿಗೆ ಗಾಡಿಯಲ್ಲಿ ಮದ್ಯವೂ 21ರ ಒಳಗಿನವರೂ ಒಟ್ಟಿಗಿದ್ದರೆ 25 ತುಂಬಿದ ಹಿರಿಯರೊಬ್ಬರು ಜೊತೆಗಿರಬೇಕು. ಎಲ್ಲರೂ ಬೆಲ್ಟ್ ಹಾಕಿದ ಮೇಲೆಯೇ ನಮ್ಮ ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ್ದು. ಹದಿನೇಳು ವರ್ಷ ಅಪ್ಪ ಅಮ್ಮ ಹೇಳಿ ಹೇಳಿ ಸೋತ ಮಾತನ್ನು ಮಕ್ಕಳು ಕರಿ ಕೋಟಿನವನಿಂದ ಒಂದೇ ಸಲಕ್ಕೆ ಕೇಳಿದರು.

ಹಾಗಾಗಿ ನನ್ನ ತೀರ್ಪು ಇಷ್ಟು: ಬಾಡಿಗೆ ಕೊಡುವುದು ಗಾಡಿಯ ಉದ್ದಕ್ಕಲ್ಲ, ಆ ಮನುಷ್ಯನಿಗೆ. ಅಮೆರಿಕದಲ್ಲಿರುವ ನಮ್ಮ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮಗಳ ಗೌನಿನ ಬಣ್ಣ ನಿರ್ಧಾರವಾಗುವ ಮುಂಚೆಯೇ ಗಾಡಿಯ ಕಾಗದ ತರಿಸಿ ನೋಡಿ. ಡ್ರೈವರ್ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಬಿಲ್ಲನ್ನು ಪೂರ್ತಿ ಓದಿ. ನೂರಕ್ಕೆ ಇಪ್ಪತ್ತರಂತೆ ಟಿಪ್ಸ್ ಎಷ್ಟೋ ಸಲ ಅದರಲ್ಲೇ ಸೇರಿಹೋಗಿರುತ್ತದೆ. ಸೇರಿದ್ದರೂ, ಮಕ್ಕಳನ್ನು ಹೇಳಿದ ಹೊತ್ತಿಗೆ ಮನೆ ಬಾಗಿಲಲ್ಲಿ ಇಳಿಸಿದವನ ಕೈಗೆ ಇನ್ನೊಂದಿಪ್ಪತ್ತು ಡಾಲರ್ ಇಡಿ.