ಕುವೈತಿನ ದಿವಾನಿಯಾ

ಕುವೈತ್ ನಗರದ ಕಡಲದಂಡೆಯಲ್ಲಿ ಸಾಗುವ ಪ್ರವಾಸಿಯ ಕಣ್ಣನ್ನು ಸೆಳೆಯುವ ಕಟ್ಟಡಗಳಲ್ಲಿ ಶಾಸನಸಭೆಯ ಭವನವೂ ಒಂದು. ಸಿಡ್ನಿಯ ಆಪೆರಾ ಮಂದಿರಕ್ಕೆ ರೂಪ ಕೊಟ್ಟ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ನರೇ ಇದನ್ನೂ ರೂಪಿಸಿದರು. ಮುಂಭಾಗದ ಕಾಂಕ್ರೀಟಿನ ಚಾವಣಿಯು ಮರುಭೂಮಿಯ ಡೇರೆಯಂತೆ ಇಳಿಬಿದ್ದು ಸಮುದ್ರಕ್ಕೆ ಮುಖಮಾಡಿ ನಿಂತಿದೆ. ಆ ನೆರಳಿನೊಳಗೆ ಸದಸ್ಯೆಯರಾಗಿ ಕಾಲಿಡಲು ಕುವೈತಿನ ಸ್ತ್ರೀಯರು ನಾಲ್ಕು ದಶಕಗಳಿಗೂ ಮಿಗಿಲಾಗಿ ಕಾಯಬೇಕಾಯಿತು.

ಆ ನಾಡಿನ ರಾಜಕಾರಣವನ್ನು ಅರಿಯಲು ಭವನವನ್ನಷ್ಟೇ ನೋಡಿದರೆ ಸಾಲದು. ಸಂಜೆಯಾದ ಮೇಲೆ ಮನೆಗಳ ಸಾಲಿನಲ್ಲಿ ನಡೆಯಬೇಕು. ಅನೇಕ ಮನೆಗಳಿಗೆ ಹೊಂದಿಕೊಂಡು ಉದ್ದನೆಯ ಕೋಣೆಯೊಂದು ಇರುವುದು. ಗೋಡೆಯುದ್ದಕ್ಕೂ ಮೆತ್ತನೆಯ ಆಸನಗಳು. ಏಲಕ್ಕಿಯ ಪರಿಮಳದ ಕಾಫಿ, ಚಹಾ. ಇದೇ ದಿವಾನಿಯಾ, ಅರಳಿಕಟ್ಟೆಯೂ ಪಡಸಾಲೆಯೂ ಒಂದಾದಂತಹ ಸ್ಥಳ. ವ್ಯಾಪಾರದ ಮಾತು, ಸಂಬಂಧದ ಮಾತು, ರಾಜ್ಯಭಾರದ ಮಾತು ಎಲ್ಲವೂ ಇಲ್ಲಿಯೇ ನಡೆಯುವುವು. ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಯು ಒಂದು ದಿವಾನಿಯಾದಿಂದ ಮತ್ತೊಂದಕ್ಕೆ ಹೋಗಿ ಮತ ಬೇಡುತ್ತಿದ್ದುದು ವಾಡಿಕೆ. ಸ್ತ್ರೀಪುರುಷರು ಜೊತೆಯಾಗಿ ಕೂಡುವ ದಿವಾನಿಯಾಗಳೂ ಕೆಲವುಂಟು. ಆದರೆ ಪದ್ಧತಿಯಂತೆ ಇದು ಪುರುಷರ ಕೂಟ.

ಹೆಂಗಸರಿಗೆ ಹೊರಗಿನ ವ್ಯವಹಾರವು ತಿಳಿಯದೆಂಬ ಮಾತಿಗೆ ಈ ಊರಿನ ಚರಿತ್ರೆಯೇ ಉತ್ತರ. ತೈಲಸಂಪತ್ತು ಬರುವ ಮುನ್ನ ಗಂಡಸರು ಮುತ್ತಿಗಾಗಿಯೂ ವ್ಯಾಪಾರಕ್ಕಾಗಿಯೂ ತಿಂಗಳುಗಟ್ಟಲೆ ಕಡಲಿನ ಮೇಲಿದ್ದಾಗ ಮನೆವಾರ್ತೆಯನ್ನು ನಡೆಸಿದವರು ಅವರೇ. ಹಳೆಯ ಪೇಟೆಯಲ್ಲಿ ಅವರದೇ ಅಂಗಡಿಸಾಲು ಇದ್ದಿತು. 1990ರಲ್ಲಿ ಇರಾಕಿನ ಸೇನೆಯು ನಾಡನ್ನು ಆಕ್ರಮಿಸಿದಾಗ ಪ್ರತಿಭಟಿಸಿ ಪ್ರಾಣತೆತ್ತವರಲ್ಲಿ ಸ್ತ್ರೀಯರೂ ಇದ್ದರು.

1962ರ ಸಂವಿಧಾನವು ಸಾರ್ವಜನಿಕ ಹಕ್ಕುಗಳಲ್ಲಿ ಎಲ್ಲರೂ ಸಮಾನರೆಂದು ಸಾರಿತು. ಅದೇ ವರ್ಷದ ಚುನಾವಣಾ ಕಾನೂನು ಮತವನ್ನು ಪುರುಷರಿಗೆ ಮೀಸಲಿಟ್ಟಿತು. 1999ರಲ್ಲಿ ಅಮೀರ್ ಶೇಖ್ ಜಾಬಿರ್ ಅವರು ಸ್ತ್ರೀಯರಿಗೆ ಹಕ್ಕು ನೀಡಿ ಹೊರಡಿಸಿದ ಆಜ್ಞೆಯನ್ನು ಸಭೆಯು ತಳ್ಳಿಹಾಕಿತು. ಬಳಿಕ ಬಂದ ಮಸೂದೆಯೂ 30ಕ್ಕೆ ಎದುರಾಗಿ 32 ಮತಗಳಿಂದ ಬಿದ್ದುಹೋಯಿತು. ಕೆಲವರು ಧರ್ಮದ ಹೆಸರಿನಲ್ಲಿ, ಕೆಲವರು ಕುಲಾಚಾರದ ಹೆಸರಿನಲ್ಲಿ ಅಡ್ಡ ನಿಂತರು. ಪರವಾಗಿ ನಿಂತವರೂ ಅದೇ ಧರ್ಮದವರೆಂಬುದನ್ನು ಮರೆಯಬಾರದು. ಕೊನೆಗೆ 2005ರ ಮೇ 16ರಂದು 23ಕ್ಕೆ ಎದುರಾಗಿ 35 ಮತಗಳಿಂದ ಕಾನೂನಿನ ತಿದ್ದುಪಡಿಯಾಯಿತು. ಮರುತಿಂಗಳೇ ಮಸೂಮಾ ಅಲ್-ಮುಬಾರಕ್ ಅವರು ನಾಡಿನ ಮೊದಲ ಮಹಿಳಾ ಮಂತ್ರಿಯಾದರು.

ಆದರೆ ಕಾನೂನು ಬದಲಾದಷ್ಟು ಬೇಗ ಕೋಣೆಯು ಬದಲಾಗಲಿಲ್ಲ. 2006ರ ಚುನಾವಣೆಯಲ್ಲಿ ಮತದಾರರ ಪಟ್ಟಿಯಲ್ಲಿ ಸ್ತ್ರೀಯರೇ ಹೆಚ್ಚಾಗಿದ್ದರೂ ಒಬ್ಬ ಮಹಿಳೆಯೂ ಗೆಲ್ಲಲಿಲ್ಲ. ಬುಡಕಟ್ಟುಗಳ ಒಳಚುನಾವಣೆಗಳು 1998ರಲ್ಲಿ ನಿಷಿದ್ಧವಾಗಿದ್ದರೂ ನಡೆಯುತ್ತಲೇ ಇದ್ದುವು; ಅಲ್ಲಿಯೂ ಆರಿಸುವವರು, ಆಯ್ಕೆಯಾಗುವವರು ಗಂಡಸರೇ. 2009ರಲ್ಲಿ 50 ಸ್ಥಾನಗಳ ಪೈಕಿ ನಾಲ್ಕನ್ನು ಮಹಿಳೆಯರು ಗೆದ್ದುಕೊಂಡಾಗ ಕಾಲವು ತಿರುಗಿತೆಂದು ಹಲವರು ನಂಬಿದರು. 2020ರಲ್ಲಿ ಮತ್ತೆ ಒಬ್ಬರೂ ಇಲ್ಲ. 2024ರ ಏಪ್ರಿಲಿನಲ್ಲಿ ಗೆದ್ದವರು ಜಿನಾನ್ ಬೂಶಹ್ರಿ ಒಬ್ಬರೇ.

ಮರುತಿಂಗಳು ಅಮೀರರು ಸಭೆಯನ್ನು ವಿಸರ್ಜಿಸಿ, ನಾಲ್ಕು ವರ್ಷಗಳನ್ನು ಮೀರದ ಅವಧಿಗೆ ಅದನ್ನು ಅಮಾನತಿನಲ್ಲಿಟ್ಟರು. ಅಂದು ಭವನದ ಬಾಗಿಲು ಪುರುಷ ಸದಸ್ಯರಿಗೂ ಮುಚ್ಚಿತು. ಆದರೆ ಅವರಿಗೆ ಮರಳಿ ಹೋಗಿ ಕುಳಿತು ಮಾತನಾಡಲು ದಿವಾನಿಯಾ ಇದ್ದಿತು.