ಎರಡು ಎತ್ತರಗಳ ನಡುವೆ 2,900 ಅಡಿ

ಸ್ಯಾನ್ ಫ್ರಾನ್ಸಿಸ್ಕೋದಿಂದ ಕ್ಯಾಲ್‌ಟ್ರೇನ್ ಹತ್ತಿ ಮೌಂಟನ್ ವ್ಯೂಗೆ ಬಂದದ್ದು ಒಂದೇ ಒಂದು ಯಂತ್ರ ನೋಡಲು. ಇಲ್ಲಿನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನ ಗಾಜಿನಾಚೆ ಅಪೊಲೊ ಗೈಡೆನ್ಸ್ ಕಂಪ್ಯೂಟರ್ ಇದೆ. ಈ ವಂಶದ್ದೇ ಒಂದು ಯಂತ್ರ ಚಂದ್ರನ ಮೇಲಿಳಿಯಿತು. ಬರೆದು ಅಳಿಸಲು ಅದಕ್ಕಿದ್ದ ನೆನಪು 2,048 ಪದಗಳಷ್ಟೇ. ಅಷ್ಟರಲ್ಲೇ ತಾನೆಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂಬ ಲೆಕ್ಕವನ್ನು ಅದು ಕ್ಷಣಕ್ಷಣಕ್ಕೂ ಇಟ್ಟುಕೊಳ್ಳಬೇಕಿತ್ತು.

1969ರ ಜುಲೈ 20. ಈಗಲ್ ನೌಕೆ ಚಂದ್ರನ ಮೇಲೆ ಇಳಿಯುತ್ತಿದೆ. ವೇಗ ಎಷ್ಟೆಷ್ಟು ಬದಲಾಯಿತೆಂದು ಕೂಡಿಸುತ್ತಾ ಕಂಪ್ಯೂಟರ್ ಒಂದು ಎತ್ತರ ಹೇಳುತ್ತದೆ. ಕೂಡಿಸಿದಷ್ಟೂ ಸಣ್ಣ ತಪ್ಪುಗಳೂ ಕೂಡಿಕೊಳ್ಳುತ್ತವೆ. ಅಷ್ಟರಲ್ಲಿ ರಡಾರಿಗೆ ನೆಲ ಸಿಕ್ಕಿತು. ಅದು ಹೇಳಿದ ಎತ್ತರವೇ ಬೇರೆ. ಎರಡರ ನಡುವಿನ ಅಂತರಕ್ಕೆ ‘ಡೆಲ್ಟಾ ಎಚ್’ ಎಂದು ಹೆಸರು. ಅದು 2,900 ಅಡಿ! ಲೆಕ್ಕ ಜಾರಿದೆಯೋ, ರಡಾರ್ ಕೆಟ್ಟಿದೆಯೋ? ಕೆಟ್ಟ ರಡಾರನ್ನು ನಂಬಿದರೂ ಅಪಾಯ, ಸರಿಯಾದುದನ್ನು ನಂಬದಿದ್ದರೂ ಅಪಾಯ. ಗಗನಯಾತ್ರಿಗಳು ಆ ಅಂತರವನ್ನು ಪರದೆಯ ಮೇಲೆ ನೋಡುತ್ತಿದ್ದಾಗಲೇ, ಕಂಪ್ಯೂಟರಿಗೆ ಕೆಲಸ ಮಿತಿಮೀರಿದೆ ಎನ್ನುವ 1202 ಅಲಾರಂ ಬೇರೆ ಹೊಡೆದುಕೊಂಡಿತು. ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದವರು ಅಂಕಿ ನೋಡಿ, ರಡಾರನ್ನು ನಂಬಬಹುದು ಎಂದರು.

ನನ್ನನ್ನು ಅಲ್ಲೇ ನಿಲ್ಲಿಸಿದ್ದು ಅದರ ಮುಂದಿನ ಸಂಗತಿ. ಒಪ್ಪಿದ ಮೇಲೂ ಕಂಪ್ಯೂಟರ್ ತನ್ನ ಲೆಕ್ಕವನ್ನು ಒಮ್ಮೆಲೇ ಎಸೆಯಲಿಲ್ಲ. ಎತ್ತರದಲ್ಲಿರುವಾಗ ರಡಾರಿನ ಮಾತಿಗೆ ಕಡಿಮೆ ತೂಕ, ನೆಲ ಹತ್ತಿರವಾದಂತೆ ಹೆಚ್ಚು ತೂಕ. ಹೊಸ ನೆಂಟರನ್ನು ನಾವು ನಂಬುತ್ತಾ ಹೋಗುವುದೂ ಹೀಗೇ ಅಲ್ಲವೇ? ಅಂತರ ಕರಗುತ್ತಾ ಬಂತು.

ಅಳತೆಯನ್ನು ಎಷ್ಟು ನಂಬಬೇಕೆಂಬ ಇಂಥ ಪ್ರಶ್ನೆಗೆ ಗಣಿತ ಕಟ್ಟಿದ ಜಾಗವೂ ಹತ್ತಿರದಲ್ಲೇ ಇದೆ. ಮ್ಯೂಸಿಯಮ್ಮಿನಿಂದ ಮಾಫೆಟ್ ಫೀಲ್ಡ್ ದೂರವಿಲ್ಲ. ವಾಯುನೌಕೆಗಳಿಗಾಗಿ ಕಟ್ಟಿದ ಹ್ಯಾಂಗರ್ ಒನ್ ಹೆದ್ದಾರಿಯಿಂದಲೇ ಬೆಟ್ಟದಂತೆ ಕಾಣುತ್ತದೆ. ಅದರ ಪಕ್ಕದ್ದೇ ನಾಸಾದ ಏಮ್ಸ್ ಕೇಂದ್ರ. 1960ರಲ್ಲಿ ರುಡಾಲ್ಫ್ ಕಾಲ್ಮನ್ ಇಲ್ಲಿಗೆ ಬಂದು, ಗದ್ದಲ ತುಂಬಿದ ಅಳತೆಗಳಿಂದ ನಿಜಸ್ಥಿತಿಯನ್ನು ಅಂದಾಜಿಸುವ ತಮ್ಮ ಹೊಸ ವಿಧಾನವನ್ನು ಸ್ಟ್ಯಾನ್ಲಿ ಶ್ಮಿಟ್ ತಂಡಕ್ಕೆ ವಿವರಿಸಿದರು. ಆ ಗಣಿತ ಸರಳರೇಖೆಯಂಥ ವ್ಯವಸ್ಥೆಗಳಿಗೆ ಮಾತ್ರ. ಚಂದ್ರಯಾನದ ದಾರಿಯೋ, ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವ ಗುರುತ್ವದಲ್ಲಿ ಬಾಗುತ್ತಲೇ ಇರುತ್ತದೆ. ಪ್ರತಿ ಹೊಸ ಅಂದಾಜಿನ ಸುತ್ತಲ ಚಿಕ್ಕ ತುಣುಕನ್ನಷ್ಟೇ ನೇರವೆಂದು ಹಿಡಿದರಾಯಿತು ಎಂದು ಶ್ಮಿಟ್ ದಾರಿ ಕಂಡರು. ಅದೇ ವಿಸ್ತೃತ ಕಾಲ್ಮನ್ ಫಿಲ್ಟರ್. ಇಷ್ಟು ದೊಡ್ಡ ಹೆಜ್ಜೆ ನಡೆದ ಜಾಗದ ಬೇಲಿಯ ಹೊರಗೆ ನಿಂತು ನನಗೆ ಮೈ ಜುಮ್ಮೆಂದಿತು.

ಮುಂದಿನ ಊರು ವಾಷಿಂಗ್ಟನ್. ಅಲ್ಲಿನ ಒಂದು ಮ್ಯೂಸಿಯಮ್ಮಿನಲ್ಲಿ ಈಗಲ್ ಹೋದ ಅದೇ ಯಾತ್ರೆಯ ಕೊಲಂಬಿಯಾ ನೌಕೆ ಇದೆ. ಅಂಥ ನೌಕೆಗಳಲ್ಲಿ ಅಳವಡಿಸಿದ್ದ ಸೆಕ್ಸ್‌ಟಂಟ್‌ನಿಂದ ನಕ್ಷತ್ರಕ್ಕೂ ಭೂಮಿಯ ಅಂಚಿಗೂ ನಡುವಿನ ಕೋನ ಅಳೆದರೆ, ತನ್ನ ಅಂದಾಜು ಎಷ್ಟು ಬದಲಾಗಲಿದೆಯೆಂದು ಕಂಪ್ಯೂಟರ್ ಮೊದಲು ತೋರಿಸುತ್ತಿತ್ತು. ಒಪ್ಪುವುದೋ ಬಿಡುವುದೋ ಗಗನಯಾತ್ರಿಯ ಕೈಯಲ್ಲಿ. ಆ ನೌಕೆಯನ್ನೂ ಕಣ್ತುಂಬ ನೋಡಬೇಕು.